ವೈರಸ್ ತಗಲಿದ ಟೊಮೆಟೊ ತೋಟದ ಕಸ: ಮಣ್ಣಿಗೆ ಸೇರಿಸುವ ಮುನ್ನ

ಕೊನೆಯ ಕೊಯ್ಲು ಮುಗಿದ ಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮೆಟೊ ತೋಟದಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು: ದಾರ ಕತ್ತರಿಸುತ್ತಾರೆ, ನೀಲಗಿರಿ ಕೋಲುಗಳನ್ನು ಕಿತ್ತು ಬದುವಿನ ಮೇಲೆ ಒಟ್ಟುತ್ತಾರೆ, ಉಳಿದ ಗಿಡದ ಮೇಲೆ ರೋಟವೇಟರ್ ಹೊಡೆಸುತ್ತಾರೆ. ಕಸವೇ ಗೊಬ್ಬರವಾಗುತ್ತದೆ ಎನ್ನುವ ಲೆಕ್ಕ. ಆರೋಗ್ಯವಾಗಿದ್ದ ತೋಟಕ್ಕೆ ಈ ಲೆಕ್ಕ ಸರಿ. ಗಿಡಕ್ಕೆ ವೈರಸ್ ಬಂದಿದ್ದರೆ ಮಾತ್ರ, ರೋಟವೇಟರ್ ತರಿಸುವ ಮುಂಚೆ ಅದು ಯಾವ ವೈರಸ್ ಎಂದು ನೋಡಬೇಕು. ಕೆಲವು ವೈರಸ್ ಗಿಡ ಒಣಗಿದೊಡನೆ ಮುಗಿದುಹೋಗುತ್ತವೆ. ಕೆಲವು ಮಣ್ಣಿನಲ್ಲಿ ಉಳಿದ ಬೇರಿನ ತುಂಡಿನಲ್ಲಿ ಎರಡು ವರ್ಷದ ಹತ್ತಿರ ಕಾದು ಕೂರುತ್ತವೆ. ಎರಡಕ್ಕೂ ಒಂದೇ ಉಪಚಾರ ಮಾಡಿದರೆ ಒಂದು ಕಡೆ ಕೂಲಿ ದಂಡ, ಇನ್ನೊಂದು ಕಡೆ ಮುಂದಿನ ಬೆಳೆ ದಂಡ.

ಮೊದಲು ರೋಗ ಗುರುತಿಸಿ

ನಮ್ಮ ಕಡೆ ಟೊಮೆಟೊಗೆ ಹೆಚ್ಚಾಗಿ ಬರುವುದು ಎಲೆ ಮುಟುರು ರೋಗ. ಎಲೆ ಮೇಲ್ಮುಖವಾಗಿ ದೋಣಿಯಂತೆ ಮಡಚಿಕೊಳ್ಳುತ್ತದೆ, ಅಂಚು ಹಳದಿಯಾಗುತ್ತದೆ, ಗಿಡ ಗಿಡ್ಡವಾಗಿ ಪೊದೆಯಂತಾಗುತ್ತದೆ, ಹೂ ಉದುರುತ್ತದೆ. ಇದನ್ನು ಹರಡುವುದು ಬಿಳಿನೊಣ. ಈ ವೈರಸ್ಸಿಗೆ ಮಣ್ಣಿನಲ್ಲಿ ನೆಲೆಯಿಲ್ಲ. ಜೀವಂತ ಗಿಡ ಬೇಕು, ಇಲ್ಲವೇ ಬಿಳಿನೊಣದ ಮೈ ಬೇಕು. ಕಿತ್ತ ಗಿಡ ಬಾಡಿ ಒಣಗಿತೆಂದರೆ ಅದರ ಕಥೆ ಮುಗಿಯಿತು. ಆ ಕಸವನ್ನು ಧಾರಾಳವಾಗಿ ಮಣ್ಣಿಗೆ ಸೇರಿಸಬಹುದು. ಇಲ್ಲಿ ಅಪಾಯ ಇರುವುದು ಕೊಯ್ಲು ಮುಗಿದ ತೋಟವನ್ನು ವಾರಗಟ್ಟಲೆ ಹಾಗೇ ನಿಲ್ಲಿಸುವುದರಲ್ಲಿ. ನೀರು ಕೊಡುವುದು ನಿಲ್ಲಿಸಿದ ಗಿಡದಿಂದ ಬಿಳಿನೊಣ ಎದ್ದು ಪಕ್ಕದ ಎಳೆ ತೋಟಕ್ಕೆ ಹೋಗುತ್ತದೆ.

ಎರಡನೆಯದು ಕಡಲೆಕಾಯಿಯ ಮೊಗ್ಗು ಕೊಳೆ ವೈರಸ್. ಹೆಸರು ಕಡಲೆಕಾಯಿಯದಾದರೂ ಟೊಮೆಟೊವನ್ನೂ ಬಿಡುವುದಿಲ್ಲ. ಸುಳಿ ಎಲೆಯ ಮೇಲೆ ಕಂಚಿನ ಬಣ್ಣದ ಚುಕ್ಕೆ, ಸುಳಿ ಕಪ್ಪಾಗಿ ಸಾಯುವುದು, ಕಾಯಿಯ ಮೇಲೆ ಉಂಗುರದಂಥ ಕಲೆ ಇದರ ಗುರುತು. ಹರಡುವುದು ಥ್ರಿಪ್ಸ್ ನುಸಿ. ಇದೂ ಕಸದಲ್ಲಿ ಉಳಿಯುವುದಿಲ್ಲ. ಆದರೆ ಒಂದು ಸೂಕ್ಷ್ಮ ಇದೆ: ಥ್ರಿಪ್ಸ್ ಮರಿಯಾಗಿದ್ದಾಗ ವೈರಸ್ ಹೀರಿಕೊಂಡು, ಕೋಶಾವಸ್ಥೆಗೆ ಮಣ್ಣಿಗೆ ಇಳಿದು, ರೆಕ್ಕೆ ಬಂದ ಮೇಲೆ ವೈರಸ್ ಹೊತ್ತೇ ಮೇಲೇಳುತ್ತದೆ. ಆದ್ದರಿಂದ ಗಿಡ ಕಿತ್ತ ಮರುದಿನವೇ ಅದೇ ಮಡಿಯಲ್ಲಿ ಹೊಸ ಸಸಿ ನೆಡಬಾರದು. ಮೇಲ್ಮಣ್ಣನ್ನು ಸಡಿಲಿಸಿ ಎರಡು ವಾರ ಕಳೆ ಇಲ್ಲದಂತೆ ಖಾಲಿ ಬಿಟ್ಟರೆ ಸಾಕು.

ಮೂರನೆಯದು ಟೊಮೆಟೊ ಮೊಸಾಯಿಕ್ ವೈರಸ್, ಅದರ ಅಣ್ಣನಾದ ತಂಬಾಕು ಮೊಸಾಯಿಕ್ ವೈರಸ್, ಕ್ಯಾಪ್ಸಿಕಂ ಮತ್ತು ಮೆಣಸಿನಕಾಯಿಗೆ ಬರುವ ಸೌಮ್ಯ ಮಚ್ಚೆ ವೈರಸ್, ಸೌತೆ ಜಾತಿಗೆ ಬರುವ ಹಸಿರು ಮಚ್ಚೆ ಮೊಸಾಯಿಕ್ ವೈರಸ್. ಇವೆಲ್ಲ ಒಂದೇ ಕುಲ, ಟೊಬಾಮೊ ವೈರಸ್. 2014ರಲ್ಲಿ ಇಸ್ರೇಲಿನಲ್ಲಿ, 2015ರಲ್ಲಿ ಜೋರ್ಡಾನಿನಲ್ಲಿ ಕಾಣಿಸಿಕೊಂಡು ಆಮೇಲೆ ಹಲವು ದೇಶಗಳ ಗ್ರೀನ್‌ಹೌಸ್ ಟೊಮೆಟೊವನ್ನು ಕಾಡುತ್ತಿರುವ ಕಂದು ಸುಕ್ಕು ಹಣ್ಣಿನ ವೈರಸ್ಸೂ ಇದೇ ಕುಲದ್ದು. ಎಲೆಯಲ್ಲಿ ತಿಳಿ ಹಸಿರು, ಕಡು ಹಸಿರು ಮಚ್ಚೆ, ಅಲ್ಲಲ್ಲಿ ಉಬ್ಬು, ಕೆಲವೊಮ್ಮೆ ಎಲೆ ಕಿರಿದಾಗಿ ಜರೀಗಿಡದಂತಾಗುವುದು, ಹಣ್ಣು ಕೊಯ್ದಾಗ ಒಳಗೋಡೆ ಕಂದಾಗಿರುವುದು ಇದರ ಲಕ್ಷಣ. ಇದಕ್ಕೆ ಕೀಟದ ಹಂಗಿಲ್ಲ. ಕೈ, ಕತ್ತರಿ, ದಾರ, ಬಟ್ಟೆ, ಬೀಜದ ಸಿಪ್ಪೆ, ಬೇರಿನ ಕಸ, ಇಷ್ಟೇ ಸಾಕು. ಈ ಬರಹದ ಉಳಿದ ಭಾಗವೆಲ್ಲ ಈ ಕುಲದ ಬಗ್ಗೆಯೇ.

ಒಂದು ಎಚ್ಚರಿಕೆ. ಪಕ್ಕದ ಜೋಳ ಅಥವಾ ರಾಗಿ ಹೊಲಕ್ಕೆ ಹೊಡೆದ 2,4-ಡಿ ಕಳೆನಾಶಕ ಗಾಳಿಯಲ್ಲಿ ತೇಲಿ ಬಂದರೂ ಟೊಮೆಟೊ ಎಲೆ ಹೀಗೇ ಕಿರಿದಾಗುತ್ತದೆ. ಹಾಗಾದಾಗ ಗಾಳಿ ಬಂದ ಕಡೆಯ ಸಾಲುಗಳೆಲ್ಲ ಒಟ್ಟಿಗೇ ತಿರುಚಿಕೊಳ್ಳುತ್ತವೆ, ಹಸಿರು ಮಚ್ಚೆ ಇರುವುದಿಲ್ಲ. ಮೊಸಾಯಿಕ್ ಆದರೆ ಕುಡಿ ಚಿವುಟಿದ, ದಾರ ಕಟ್ಟಿದ ಸಾಲಿನ ಉದ್ದಕ್ಕೂ ಒಂದಾದ ಮೇಲೊಂದು ಗಿಡಕ್ಕೆ ಹಬ್ಬುತ್ತದೆ. ಕೆಲಸದವರು ಯಾವ ಕಡೆಯಿಂದ ಯಾವ ಕಡೆಗೆ ನಡೆದರು ಎಂಬುದನ್ನೇ ಎಷ್ಟೋ ಸಲ ಗಿಡಗಳು ತೋರಿಸಿಬಿಡುತ್ತವೆ. ಅನುಮಾನ ಇದ್ದರೆ ಸ್ಟ್ರಿಪ್ ಪರೀಕ್ಷೆ ಮಾಡಿಸಿ. ಎಳೆ ಎಲೆಯ ಚೂರನ್ನು ದ್ರಾವಣದ ಚೀಲದಲ್ಲಿ ಅರೆದು ಪಟ್ಟಿ ಅದ್ದಿದರೆ ಕೆಲವೇ ನಿಮಿಷದಲ್ಲಿ ಗೆರೆ ಮೂಡುತ್ತದೆ.

ಈ ವೈರಸ್ ಏಕೆ ಇಷ್ಟು ಗಟ್ಟಿ

ಟೊಬಾಮೊ ವೈರಸ್ಸಿನ ಕಣ ಸುಮಾರು 300 ನ್ಯಾನೊಮೀಟರ್ ಉದ್ದ, 18 ನ್ಯಾನೊಮೀಟರ್ ದಪ್ಪದ ಕಡ್ಡಿ. ಒಳಗೆ ಆರ್‌ಎನ್‌ಎ ಎಳೆ, ಅದರ ಸುತ್ತ ಪ್ರೋಟೀನಿನ ಬಿಗಿಯಾದ ಕವಚ. ಗಿಡದ ರಸದಲ್ಲಿರುವ ತಂಬಾಕು ಮೊಸಾಯಿಕ್ ವೈರಸ್ ಸಾಯಬೇಕಾದರೆ 10 ನಿಮಿಷ 90 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಬೇಕು. ಒಣಗಿದ ಎಲೆಯಲ್ಲಿ ಅದು ದಶಕಗಟ್ಟಲೆ ಉಳಿಯುತ್ತದೆ. ಒಣಗಿಸಿದರೂ ಸೋಂಕು ಹೋಗುವುದಿಲ್ಲ ಎಂದು ನೆದರ್ಲೆಂಡಿನ ವಿಜ್ಞಾನಿ ಬೈಜೆರಿಂಕ್ 1898ರಷ್ಟು ಹಿಂದೆಯೇ ತೋರಿಸಿದ್ದ.

ಇದರಿಂದ ತಕ್ಷಣ ತಿಳಿಯಬೇಕಾದ್ದು: ಮುಟುರು ರೋಗದ ಕಸಕ್ಕೆ ಬಿಸಿಲು ಮದ್ದು, ಮೊಸಾಯಿಕ್ ಕಸಕ್ಕೆ ಅಲ್ಲ. ಬದುವಿನ ಮೇಲೆ ಒಣಗಿಸಿ ಒಟ್ಟಿಟ್ಟ ಮೊಸಾಯಿಕ್ ಗಿಡ ವೈರಸ್ಸನ್ನು ಜೋಪಾನ ಮಾಡಿಟ್ಟ ಹಾಗೆ. ಗಾಳಿಗೆ ಪುಡಿಯಾದ ಎಲೆ ಮತ್ತೆ ಮಡಿಗೇ ಬರುತ್ತದೆ.

ಮಣ್ಣಿನಲ್ಲಿ ಈ ವೈರಸ್ಸನ್ನು ಮುಗಿಸುವುದು ಕೊಳೆಯುವಿಕೆ. ಎಲೆ, ಎಳೆ ಕಾಂಡ ಬೇಗ ಕೊಳೆಯುತ್ತವೆ; ಹೊರಬಿದ್ದ ಕಣಗಳನ್ನು ಸೂಕ್ಷ್ಮಜೀವಿಗಳು ತಿಂಗಳುಗಳಲ್ಲಿ ಕರಗಿಸುತ್ತವೆ. ಜೇಡಿ ಹೆಚ್ಚಿರುವ ಮಣ್ಣಿಗೆ ಒಂದಿಷ್ಟು ಕಣ ಅಂಟಿಕೊಂಡು ಸ್ವಲ್ಪ ಹೆಚ್ಚು ಕಾಲ ನಿಲ್ಲುವುದುಂಟು. ನಿಜವಾದ ಉಗ್ರಾಣ ಬೇರು. ಟೊಮೆಟೊದ ದಪ್ಪ ಬೇರು ಮರದಂತೆ ಗಟ್ಟಿ, ಅದು ಕರಗಲು ಬಹಳ ಕಾಲ ಬೇಕು. 1960ರ ದಶಕದಲ್ಲಿ ಇಂಗ್ಲೆಂಡಿನ ಗಾಜಿನ ಮನೆಗಳ ಮಣ್ಣಿನಲ್ಲಿ ನಡೆದ ಪ್ರಯೋಗಗಳಲ್ಲಿ ಬೇರಿನ ಕಸದಲ್ಲಿದ್ದ ವೈರಸ್ ಎರಡು ವರ್ಷದ ಹತ್ತಿರದವರೆಗೂ ಸೋಂಕು ಹಚ್ಚುವ ಸ್ಥಿತಿಯಲ್ಲಿತ್ತು. ಆಳದಲ್ಲಿದ್ದ ಬೇರು ಹೆಚ್ಚು ಕಾಲ ಉಳಿಯುತ್ತದೆ, ಏಕೆಂದರೆ ಅಲ್ಲಿ ಗಾಳಿ ಕಡಿಮೆ, ಸೂಕ್ಷ್ಮಜೀವಿಗಳ ಓಡಾಟವೂ ಕಡಿಮೆ. ಕಸವನ್ನು ಆಳದ ಗುಂಡಿಯಲ್ಲಿ ಹೂತುಬಿಟ್ಟರೆ ಆಯಿತು ಎನ್ನುವ ಸಲಹೆಯನ್ನು ತೋಟದೊಳಗಿನ ಗುಂಡಿಗೆ ಅನ್ವಯಿಸಬೇಡಿ.

ಇನ್ನೊಂದು ಸಂಗತಿ ಮುಖ್ಯ. ಮಣ್ಣಿನಿಂದ ನೇರವಾಗಿ ಸೋಂಕು ತಗಲುವುದು ಕೆಲವೇ ಗಿಡಗಳಿಗೆ. ನಾಟಿ ಮಾಡುವಾಗ ಸಸಿಯ ಬೇರು ತರಚಿ, ಆ ಗಾಯ ಹಳೆ ಬೇರಿನ ಚೂರಿಗೆ ತಾಕಬೇಕು. ವೈರಸ್ ಬೇರಿನಲ್ಲೇ ವಾರಗಟ್ಟಲೆ ಇದ್ದು ಆಮೇಲೆ ಕುಡಿಗೆ ಏರುತ್ತದೆ. ಮೊದಲ ಬಾರಿಗೆ ಕುಡಿ ಚಿವುಟಿದಾಗ, ದಾರ ಕಟ್ಟಿದಾಗ ಆ ಕೆಲವೇ ಗಿಡದಿಂದ ಇಡೀ ಸಾಲಿಗೆ ಕೈ ಹಚ್ಚುತ್ತದೆ. ಹೀಗಾಗಿ ಕಸದ ನಿರ್ವಹಣೆ ಎಂದರೆ ಆ ಮೊದಲ ಕೆಲವು ಗಿಡಗಳ ಸಂಖ್ಯೆಯನ್ನು ಸೊನ್ನೆಯ ಹತ್ತಿರ ತರುವ ಕೆಲಸ.

ಗಿಡ ಕೀಳುವುದು

ಹಿಂದಿನ ದಿನ ಡ್ರಿಪ್ ಬಿಟ್ಟು ಮಡಿಯನ್ನು ಹದ ಮಾಡಿ. ಒಣ ಮಣ್ಣಿನಲ್ಲಿ ಎಳೆದರೆ ಕಾಂಡ ಮೇಲೆ ಬರುತ್ತದೆ, ಬೇರು ಕಿತ್ತುಹೋಗಿ ಕೆಳಗೇ ಉಳಿಯುತ್ತದೆ. ಮೊದಲು ದಾರ, ಕ್ಲಿಪ್ಪು ಎಲ್ಲ ಬಿಡಿಸಿ ಬೇರೆ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ ದಾರ ಸುತ್ತಿಕೊಂಡ ಕಸವನ್ನು ಆಮೇಲೆ ಮಗುಚಲು ಆಗುವುದಿಲ್ಲ. ಮಲ್ಚಿಂಗ್ ಶೀಟನ್ನು ಗಿಡಕ್ಕಿಂತ ಮುಂಚೆ ಸೀಳಿ ತೆಗೆಯಿರಿ. ನಂತರ ಬುಡದಿಂದ ಒಂದು ಗೇಣು ದೂರದಲ್ಲಿ ಕವಲುಗುದ್ದಲಿಯನ್ನು ಒಂದು ಅಡಿ ಆಳ ಇಳಿಸಿ ಮಣ್ಣು ಸಡಿಲಿಸಿ, ಬುಡ ಹಿಡಿದು ನೇರ ಮೇಲಕ್ಕೆ ಎತ್ತಿ. ಡ್ರಿಪ್ ತೋಟದಲ್ಲಿ ಬೇರಿನ ಬಹುಪಾಲು ನೀರು ಹನಿಯುವ ಜಾಗದ ಸುತ್ತ, ಮೇಲಿನ ಒಂದು ಅಡಿಯಲ್ಲೇ ಇರುತ್ತದೆ. ಹಾಗಾಗಿ ಈ ಶ್ರಮಕ್ಕೆ ಫಲ ಇದೆ. ಬೇರಿಗೆ ಅಂಟಿದ ಮಣ್ಣನ್ನು ಅಲ್ಲೇ ಕೊಡವಿ.

ರೋಗ ಇಲ್ಲದ ಭಾಗದ ಗಿಡಗಳನ್ನು ಮೊದಲು ಕೀಳಿ, ರೋಗದ ಭಾಗ ಕೊನೆಗೆ. ಆಮೇಲೆ ಅದೇ ಬಟ್ಟೆಯಲ್ಲಿ ಬೇರೆ ತೋಟಕ್ಕೆ ಹೋಗಬಾರದು.

ಬಿದ್ದ ಹಣ್ಣನ್ನು ಬಿಡಬೇಡಿ. ದರ ಇಲ್ಲದ ದಿನಗಳಲ್ಲಿ ಹಣ್ಣನ್ನು ತೋಟದಲ್ಲೇ ಸುರಿಯುವುದುಂಟು. ಈ ವೈರಸ್ ಬೀಜದ ಸಿಪ್ಪೆಗೆ ಅಂಟಿಕೊಂಡಿರುತ್ತದೆ. ಮೊದಲ ಮಳೆಗೆ ತಾನಾಗಿ ಹುಟ್ಟುವ ಸಸಿಗಳಲ್ಲಿ ಕೆಲವಾದರೂ ರೋಗ ಹೊತ್ತೇ ಏಳಬಹುದು. ಒಂದು ಜೀವಂತ ಸಸಿ ಉಳಿದರೆ ಮಣ್ಣನ್ನು ಎಷ್ಟು ಕಾಲ ಬೀಳು ಬಿಟ್ಟರೂ ಲೆಕ್ಕ ಮತ್ತೆ ಮೊದಲಿನಿಂದ ಶುರು. ಗಣಿಕೆ ಸೊಪ್ಪು, ಬುಡ್ಡೆಹಣ್ಣಿನ ಗಿಡ, ಉಮ್ಮತ್ತಿ ಇವೂ ಟೊಮೆಟೊ ಕುಟುಂಬದವೇ, ಇವನ್ನೂ ತೆಗೆಯಿರಿ.

ಕಾಂಪೋಸ್ಟ್ ಮಾಡುವುದಾದರೆ

ತಿಪ್ಪೆಗೆ ಎಸೆಯುವುದು ಕಾಂಪೋಸ್ಟ್ ಅಲ್ಲ. ಮಣ್ಣಿನ ಶಿಲೀಂಧ್ರ, ಬ್ಯಾಕ್ಟೀರಿಯಾ, ಕಳೆ ಬೀಜಗಳಲ್ಲಿ ಹೆಚ್ಚಿನವಕ್ಕೆ ರಾಶಿಯ ಒಳಗೆ 55ರಿಂದ 65 ಡಿಗ್ರಿ ಕೆಲವು ವಾರ ಇದ್ದರೆ ಸಾಕಾಗುತ್ತದೆ. ತಂಬಾಕು ಮೊಸಾಯಿಕ್ ವೈರಸ್ಸಿಗೆ 68 ಡಿಗ್ರಿಗೂ ಮೇಲೆ, 20 ದಿನಕ್ಕೂ ಹೆಚ್ಚು ಬೇಕು ಎಂಬುದು ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ ಸಿಕ್ಕ ಲೆಕ್ಕ. ರೈತರ ರಾಶಿಯಲ್ಲಿ ಇಷ್ಟು ಶಾಖವನ್ನು ಇಷ್ಟು ದಿನ, ಮೂಲೆಮೂಲೆಯಲ್ಲೂ ಹಿಡಿಯುವುದು ಕಷ್ಟ. ಸಮಾಧಾನ ಏನೆಂದರೆ, ಶಾಖ ಅಷ್ಟಿಲ್ಲದಿದ್ದರೂ ಸೂಕ್ಷ್ಮಜೀವಿಗಳೇ ಕಾಲಕ್ರಮದಲ್ಲಿ ವೈರಸ್ಸನ್ನು ಕರಗಿಸುತ್ತವೆ. ಆದ್ದರಿಂದ ಕೆಳಗಿನ ವಿಧಾನ ಎರಡನ್ನೂ ನಂಬಿದೆ: ಮೊದಲು ಶಾಖ, ಆಮೇಲೆ ದೀರ್ಘ ಮಾಗುವಿಕೆ.

ಜಾಗ: ತೋಟಕ್ಕಿಂತ ತಗ್ಗಿನಲ್ಲಿ, ಕೃಷಿ ಹೊಂಡ, ಬಾವಿ, ಸಸಿಮಡಿಯಿಂದ ದೂರ. ರಾಶಿಯಿಂದ ಸೋರುವ ಕಂದು ನೀರಿನಲ್ಲೂ ವೈರಸ್ ಇರುತ್ತದೆ. ಕೃಷಿ ಹೊಂಡದ ಏರಿಯ ಮೇಲೆ ರಾಶಿ ಹಾಕಿ, ಅದೇ ಹೊಂಡದ ನೀರನ್ನು ಡ್ರಿಪ್ಪಿಗೆ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ಕತ್ತರಿಸುವುದು: ಕಾಂಡವನ್ನು ಎರಡು ಮೂರು ಇಂಚಿನ ತುಂಡು ಮಾಡಿ. ಮೇವು ಕತ್ತರಿಸುವ ಯಂತ್ರಕ್ಕೆ ಹಾಕಬಹುದು, ಮೊದಲು ಬೇರಿನ ಕಲ್ಲು ಮಣ್ಣು ಉದುರಿಸಿ. ಬೇರಿನ ಗಂಟನ್ನು ಮಚ್ಚಿನಿಂದ ಉದ್ದಕ್ಕೆ ಸೀಳಿದರೆ ಬೇಗ ಕೊಳೆಯುತ್ತದೆ.

ಬೆರಕೆ: ಅಳತೆ ಬುಟ್ಟಿಯ ಲೆಕ್ಕದಲ್ಲಿ ಹಸಿ ಟೊಮೆಟೊ ಕಸ 3 ಪಾಲು, ಹಸಿ ಸಗಣಿ 1 ಪಾಲು, ಒಣ ಕಸ 1 ಪಾಲು. ಒಣ ಕಸಕ್ಕೆ ಮುಸುಕಿನ ಜೋಳದ ದಂಟು, ಪುಡಿ ಮಾಡಿದ ತೆಂಗಿನ ಗರಿ, ಉದುರಿದ ಎಲೆ ಯಾವುದಾದರೂ ಸರಿ. ರಾಗಿ ಹುಲ್ಲನ್ನು ಇದಕ್ಕೆ ಹಾಕುವವರಿಲ್ಲ, ಅದು ದನಕ್ಕಿರಲಿ. ಗುರಿ ಇರುವುದು ಇಂಗಾಲ ಮತ್ತು ಸಾರಜನಕದ ಪ್ರಮಾಣ 25ರಿಂದ 30ಕ್ಕೆ 1 ಆಗುವಂತೆ. ಟೊಮೆಟೊ ಕಸ ಪೂರ್ತಿ ಒಣಗಿ ಬಂದಿದ್ದರೆ ಒಣ ಕಸ ಬೇಡ, ಸಗಣಿ ಹೆಚ್ಚಿಸಿ.

ಗಾತ್ರ: ಒಂದೂವರೆ ಮೀಟರ್ ಎತ್ತರ, ಎರಡು ಮೀಟರ್ ಅಗಲ, ಉದ್ದ ಕಸ ಇದ್ದಷ್ಟು. ಇದಕ್ಕಿಂತ ಚಿಕ್ಕ ರಾಶಿ ಶಾಖ ಹಿಡಿಯುವುದಿಲ್ಲ. ಇದಕ್ಕಿಂತ ಬಹಳ ಎತ್ತರವಾದರೆ ಒಳಗೆ ಗಾಳಿ ಇಲ್ಲದೆ ಹುಳಿ ವಾಸನೆ ಬರುತ್ತದೆ.

ತೇವ: ರಾಶಿಯೊಳಗಿನ ಒಂದು ಹಿಡಿಯನ್ನು ಬಲವಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಿಸಿದರೆ ಹದ. ಧಾರೆಯಾದರೆ ಹೆಚ್ಚು. ಏನೂ ಬಾರದೆ ಹಿಡಿ ಬಿಟ್ಟೊಡನೆ ಪುಡಿಯಾದರೆ ಕಡಿಮೆ. ಬೇಸಿಗೆಯಲ್ಲಿ ಹೊರಮೈ ಎರಡೇ ದಿನಕ್ಕೆ ಒಣಗುತ್ತದೆ, ಒಣಗಿದ ಕಸದಲ್ಲಿ ವೈರಸ್ ಹಾಗೇ ಉಳಿಯುತ್ತದೆ; ಗೋಣಿ ಚೀಲ ಅಥವಾ ಒಣ ಹುಲ್ಲು ಹೊದಿಸಿ.

ಶಾಖ ನೋಡುವುದು: ಎರಡು ಅಡಿ ಉದ್ದದ ಕಡ್ಡಿಯಿರುವ ಕಾಂಪೋಸ್ಟ್ ಥರ್ಮಾಮೀಟರ್ ಬೇಕು. ಕೈಗೆ ಬಿಸಿ ತಗಲಿತು ಎಂದರೆ 50 ಡಿಗ್ರಿಯೂ ಇರಬಹುದು, 65ಊ ಇರಬಹುದು. ಒಂದು ಅಡಿ ಆಳದಲ್ಲಿ, ಎರಡು ಅಡಿ ಆಳದಲ್ಲಿ, ಕನಿಷ್ಠ ನಾಲ್ಕು ಕಡೆ ನೋಡಿ ದಿನವೂ ಬರೆದಿಡಿ. ಬೆರಕೆ ಸರಿ ಇದ್ದರೆ ಮೂರರಿಂದ ಐದು ದಿನದಲ್ಲಿ 60 ದಾಟುತ್ತದೆ. ಏರದಿದ್ದರೆ ಕಾರಣ ಮೂರರಲ್ಲೊಂದು: ನೀರು ಕಡಿಮೆ, ಸಗಣಿ ಕಡಿಮೆ, ರಾಶಿ ಸಣ್ಣದು. ಅಮೋನಿಯದ ಘಾಟು ಬಂದರೆ ಸಗಣಿ ಹೆಚ್ಚಾಗಿದೆ, ಒಣ ಕಸ ಸೇರಿಸಿ.

ಮಗುಚುವುದು: ಇಲ್ಲೇ ಬಹುತೇಕ ರಾಶಿಗಳು ಸೋಲುವುದು. ಒಳಗೆ 65 ಇದ್ದಾಗ ಹೊರಗಿನ ಅರ್ಧ ಅಡಿ ಪದರ ಹೊರಗಿನ ಗಾಳಿಯಷ್ಟೇ ಬೆಚ್ಚಗಿರುತ್ತದೆ. ಆ ಪದರದ ಕಸ ಎಂದೂ ಬೇಯುವುದಿಲ್ಲ. ಶಾಖ 55ಕ್ಕೆ ಇಳಿದಾಗಲೆಲ್ಲ ಹೊರಗಿನದನ್ನು ಒಳಕ್ಕೆ, ಒಳಗಿನದನ್ನು ಹೊರಕ್ಕೆ ಬರುವಂತೆ ಪೂರ್ತಿ ಬೇರೆ ಜಾಗಕ್ಕೆ ತಿರುವಿ ಹಾಕಿ. ಐದು ಸಲಕ್ಕಿಂತ ಕಡಿಮೆ ಬೇಡ. ಬೇರಿನ ತುಂಡುಗಳನ್ನು ಪ್ರತಿ ಸಲ ನೋಡಿ ಹೆಕ್ಕಿ ನಡುಮಧ್ಯಕ್ಕೆ ಹಾಕಿ. ಮಗುಚಿದ ಸನಿಕೆಯನ್ನು ತೊಳೆಯದೆ ಮಾಗಿದ ಗೊಬ್ಬರದ ರಾಶಿಗೆ ಹಾಕಬೇಡಿ. ಹಸಿ ಕಸಕ್ಕೊಂದು, ಮಾಗಿದ್ದಕ್ಕೊಂದು ಎಂದು ಎರಡು ಇಟ್ಟುಕೊಳ್ಳುವುದು ಮೇಲು.

ಮಾಗುವುದು: ಶಾಖದ ಹಂತ ಐದಾರು ವಾರ. ಆಮೇಲೆ ತೇವ ಬಿಡದೆ ಕನಿಷ್ಠ ನಾಲ್ಕು ತಿಂಗಳು ಮಾಗಲಿ. ಜರಡಿ ಹಿಡಿದಾಗ ಮೇಲೆ ಉಳಿಯುವ ಬೇರಿನ, ಕಾಂಡದ ತುಂಡುಗಳನ್ನು ಗೊಬ್ಬರಕ್ಕೆ ಸೇರಿಸದೆ ಮುಂದಿನ ರಾಶಿಗೆ ಹಾಕಿ. ಕೈಯಲ್ಲಿ ಮುರಿದಾಗ ಪುಡಿಯಾಗದೆ ನಾರು ಉಳಿಸಿಕೊಂಡಿರುವ ತುಂಡು ಇನ್ನೂ ಅನುಮಾನದ್ದೇ.

ಇಷ್ಟು ಮಾಡಿದ ಮೇಲೂ ನಮ್ಮ ಸಲಹೆ ಒಂದೇ: ಟೊಮೆಟೊ ಕಸದ ಗೊಬ್ಬರ ಟೊಮೆಟೊಗೆ ಬೇಡ. ಬದನೆ, ಮೆಣಸಿನಕಾಯಿ, ಕ್ಯಾಪ್ಸಿಕಂ, ಆಲೂಗಡ್ಡೆ, ಹೊಗೆಸೊಪ್ಪಿಗೂ ಬೇಡ. ಮಾವು, ತೆಂಗು, ರಾಗಿ, ಮುಸುಕಿನ ಜೋಳಕ್ಕೆ ಹಾಕಿ. ಈ ಒಂದು ನಿಯಮ ಪಾಲಿಸಿದರೆ ಥರ್ಮಾಮೀಟರಿನಲ್ಲಿ ಎರಡು ಡಿಗ್ರಿ ಕಡಿಮೆ ಬಂದದ್ದಕ್ಕೆ ನಿದ್ದೆಗೆಡಬೇಕಿಲ್ಲ.

ಎರೆಗೊಬ್ಬರ, ಜೀವಾಮೃತ, ಗೋಬರ್ ಗ್ಯಾಸ್ ಗುಂಡಿಯ ಬಗ್ಗೆ ಕೇಳುವವರಿದ್ದಾರೆ. ಎರೆಹುಳು ಬದುಕಬೇಕಾದರೆ ತೊಟ್ಟಿ ತಂಪಾಗಿರಬೇಕು, ಆ ತಂಪಿನಲ್ಲಿ ಶಾಖದಿಂದ ವೈರಸ್ ಸಾಯುವ ಪ್ರಶ್ನೆಯೇ ಇಲ್ಲ. ಜೀವಾಮೃತ, ಗ್ಯಾಸ್ ಗುಂಡಿಯಲ್ಲೂ ಅಷ್ಟು ಶಾಖ ಏಳುವುದಿಲ್ಲ. ಮೊಸಾಯಿಕ್ ಕಸವನ್ನು ಈ ಮೂರಕ್ಕೂ ಹಾಕಬೇಡಿ. ದನಕ್ಕೆ ತಿನ್ನಿಸಿದರೆ ಹೊಟ್ಟೆಯಲ್ಲಿ ಸಾಯುತ್ತದೆ ಎಂದುಕೊಳ್ಳುವುದೂ ತಪ್ಪು. ಮೆಣಸಿನಕಾಯಿಯ ಸೌಮ್ಯ ಮಚ್ಚೆ ವೈರಸ್ ಮನುಷ್ಯರ ಮಲದಲ್ಲಿ ಧಾರಾಳವಾಗಿ ಸಿಗುತ್ತದೆ, ಹಾಗೆ ಹೊರಬಂದದ್ದು ಮೆಣಸಿನ ಗಿಡಕ್ಕೆ ಸೋಂಕು ಹಚ್ಚಬಲ್ಲದು ಎಂದು 2006ರಲ್ಲೇ ವರದಿಯಾಗಿದೆ.

ಮಣ್ಣಿಗೆ ಏನು ಮಾಡಬೇಕು

ಮೊದಲು ಏನು ಮಾಡಬಾರದು ಎಂಬುದು. ತಾಮ್ರದ ಔಷಧ, ಬೋರ್ಡೊ ದ್ರಾವಣ, ಸ್ಟ್ರೆಪ್ಟೊಸೈಕ್ಲಿನ್, ಟ್ರೈಕೊಡರ್ಮಾ ಯಾವುದೂ ವೈರಸ್ಸನ್ನು ಕೊಲ್ಲುವುದಿಲ್ಲ. ಬ್ಲೀಚಿಂಗ್ ಪುಡಿ ಕರಗಿಸಿ ಮಡಿಗೆ ಸುರಿಯುವುದರಲ್ಲೂ ಅರ್ಥವಿಲ್ಲ, ಬೇರಿನ ಚೂರಿನೊಳಗೆ ಹೋಗುವ ಮುಂಚೆಯೇ ಮಣ್ಣಿನ ಸಾವಯವ ಅಂಶ ಅದರ ಕ್ಲೋರಿನ್ ಅನ್ನು ತಿಂದು ಹಾಕುತ್ತದೆ.

ಬಯಲಿನ ತೋಟಕ್ಕೆ ಒಳ್ಳೆಯ ದಾರಿ ಬೆಳೆ ಬದಲಿಸುವುದು. ಎರಡು ವರ್ಷ ರಾಗಿ, ಮುಸುಕಿನ ಜೋಳ, ಈರುಳ್ಳಿ, ಕೋಸು ಹಾಕಿ. ಭೂಮಿಯನ್ನು ಸುಮ್ಮನೆ ಬೀಳು ಬಿಡುವುದಕ್ಕಿಂತ ಇದು ಮೇಲು. ಬೆಳೆಗೆ ಕೊಟ್ಟ ನೀರು, ಗೊಬ್ಬರ, ಉಳುಮೆ ಎಲ್ಲವೂ ಹಳೆ ಬೇರನ್ನು ಬೇಗ ಕೊಳೆಸುತ್ತವೆ. ಒಣ ಮಣ್ಣಿನಲ್ಲಿ ಕೊಳೆಯುವಿಕೆ ನಿಲ್ಲುತ್ತದೆ. ಮಾಗಿ ಉಳುಮೆ ಮಾಡಿ ಬೇಸಿಗೆ ಪೂರ್ತಿ ಒಣಗಲು ಬಿಡುವುದು ಕೀಟದ ಕೋಶ, ಬೇರುಗಂಟು ಹುಳುವಿಗೆ ಒಳ್ಳೆಯ ಮದ್ದು. ಈ ವೈರಸ್ಸಿಗೆ ಅದರ ಉಪಯೋಗ ಇರುವುದು ಆಳದ ಬೇರನ್ನು ಮೇಲೆ ತಂದು ಹೆಕ್ಕಲು ಅನುಕೂಲವಾಗುವಷ್ಟು ಮಾತ್ರ.

ಬಿಸಿಲ ಶಾಖದಿಂದ ಮಣ್ಣು ಕಾಯಿಸುವ ವಿಧಾನ ಏಪ್ರಿಲ್, ಮೇ ತಿಂಗಳಿಗೆ ಹೊಂದುತ್ತದೆ. ಮಡಿ ಸಮ ಮಾಡಿ, ಚೆನ್ನಾಗಿ ನೀರು ಹಾಯಿಸಿ, 25ರಿಂದ 50 ಮೈಕ್ರಾನಿನ, ಅಂದರೆ 100ರಿಂದ 200 ಗೇಜಿನ, ಪಾರದರ್ಶಕ ಪಾಲಿಥೀನ್ ಹಾಸಿ ಅಂಚನ್ನು ಮಣ್ಣಿನಲ್ಲಿ ಹೂತು ಆರು ವಾರ ಬಿಡಿ. ಕಪ್ಪು ಹಾಳೆ ಬೇಡ, ಅದು ತಾನು ಕಾಯುತ್ತದೆ, ಮಣ್ಣನ್ನು ಅಷ್ಟಾಗಿ ಕಾಯಿಸುವುದಿಲ್ಲ. ಮೇಲಿನ ಎರಡು ಇಂಚು ಮಣ್ಣು 50 ಡಿಗ್ರಿ ಆಸುಪಾಸಿಗೆ ಬರಬಹುದು. ಇದರಿಂದ ವೈರಸ್ ನೇರವಾಗಿ ಸಾಯುವುದಿಲ್ಲ, ತೇವ ಮತ್ತು ಶಾಖ ಸೇರಿ ಬೇರು ಕೊಳೆಯುವುದು ಚುರುಕಾಗುತ್ತದೆ. ಅಷ್ಟನ್ನೇ ನಿರೀಕ್ಷಿಸಿ.

ಪಾಲಿಹೌಸಿನಲ್ಲಿ ಎರಡು ವರ್ಷ ರಾಗಿ ಬೆಳೆಯಿರಿ ಎಂದರೆ ಯಾರೂ ಕೇಳುವುದಿಲ್ಲ, ಸಾಲದ ಕಂತು ಕಾಯುತ್ತಿರುತ್ತದೆ. ಅಲ್ಲಿ ಮಡಿಯ ಮೇಲಿನ ಒಂದು ಅಡಿ ಮಣ್ಣು ತೆಗೆದು ಹೊಸದು ಹಾಕುವುದು, ಅಥವಾ ಮಡಿಯ ಮೇಲೆ ಹಾಳೆ ಹಾಸಿ ಹೊಸ ಕೋಕೋಪೀಟ್ ಚೀಲದಲ್ಲಿ ಬೆಳೆಯುವುದು, ಎರಡೇ ದಾರಿ. ತೆಗೆದ ಮಣ್ಣನ್ನು ತೆಂಗಿನ ತೋಟಕ್ಕೆ ಹಾಕಬಹುದು. ಹಳೆ ಕೋಕೋಪೀಟ್ ಚೀಲವನ್ನು ಅದೇ ಬೆಳೆಗೆ ಮತ್ತೆ ಬಳಸಬೇಡಿ, ಅದರಲ್ಲಿ ಬೇರಿನ ಜಾಲವೇ ತುಂಬಿರುತ್ತದೆ. ಹಬೆ ಹಾಯಿಸುವ ಸೌಲಭ್ಯ ಇದ್ದರೆ ಮಣ್ಣಿನ ಎಲ್ಲ ಭಾಗ 90 ಡಿಗ್ರಿ ಮುಟ್ಟಿ 10 ನಿಮಿಷ ನಿಲ್ಲಬೇಕು. ಹೆಂಟೆಯ ಒಳಗೆ, ಆಳದ ಬೇರಿಗೆ ಹಬೆ ತಲುಪದೆ ಉಳಿದುಬಿಡುವುದೇ ಇದರ ದೊಡ್ಡ ಕೊರತೆ.

ನಿರೋಧಕ ತಳಿ ಹಾಕುವುದೂ ಒಂದು ದಾರಿ. ಆದರೆ ‘ವೈರಸ್ ನಿರೋಧಕ’ ಎಂದಷ್ಟೇ ಓದಿ ಬೀಜ ತರಬೇಡಿ, ಯಾವ ವೈರಸ್ಸಿಗೆ ಎಂದು ಕೇಳಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುಟುರು ವೈರಸ್, ದುಂಡಾಣು ಸೊರಗು ರೋಗ, ಅಂಗಮಾರಿ ಈ ಮೂರಕ್ಕೆ ನಿರೋಧಕ ಎಂದು ಬಂದದ್ದು. ಮೊಸಾಯಿಕ್ ಬೇರೆ ವೈರಸ್. ಮೊಸಾಯಿಕ್‌ಗೆ ಟಿಎಂ-2 ಸ್ಕ್ವೇರ್ಡ್ ಎಂಬ ಜೀನ್ ಇರುವ ತಳಿ ಬೇಕು. ಕಂದು ಸುಕ್ಕು ಹಣ್ಣಿನ ವೈರಸ್ ಆ ಜೀನನ್ನೂ ಮೀರುತ್ತದೆ.

ಕೋಲು, ದಾರ, ಕತ್ತರಿ

ದಾರವನ್ನು ಮರುಬಳಕೆ ಮಾಡಬೇಡಿ. ಕೋಲಿನ ಮಣ್ಣು ಉಜ್ಜಿ ತೊಳೆದು, ಆಮೇಲೆ ಶೇ 0.5 ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ ನೆನೆಸಿ. ಶೇ 5 ಹೈಪೊಕ್ಲೋರೈಟ್ ಇರುವ ಬ್ಲೀಚ್ ದ್ರಾವಣ ಆದರೆ 1 ಲೀಟರಿಗೆ 9 ಲೀಟರ್ ನೀರು. ಮಣ್ಣು ಅಂಟಿದ್ದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಅಂದೇ ಬೆರೆಸಿ ಅಂದೇ ಬಳಸಿ. ಕತ್ತರಿ, ಟ್ರೇಗೂ ಇದೇ. ಸ್ಪಿರಿಟ್, ಸ್ಯಾನಿಟೈಸರ್ ಈ ವೈರಸ್ಸಿಗೆ ನಾಟುವುದಿಲ್ಲ. ಕೆನೆ ತೆಗೆದ ಹಾಲಿನ ಪುಡಿಯನ್ನು ಲೀಟರ್ ನೀರಿಗೆ 200 ಗ್ರಾಂ ಕಲಸಿ, ನಾಟಿ ಮಾಡುವಾಗ ಮತ್ತು ಕುಡಿ ಚಿವುಟುವಾಗ ಆಗಾಗ ಕೈ ಅದ್ದುತ್ತಿದ್ದರೆ ಹಾಲಿನ ಪ್ರೋಟೀನು ಕಣವನ್ನು ಸುತ್ತಿಕೊಂಡು ಸೋಂಕು ತಡೆಯುತ್ತದೆ. ಬೀಡಿ, ಹೊಗೆಸೊಪ್ಪು ಮುಟ್ಟಿದ ಕೈಯನ್ನು ಸಾಬೂನು ಹಾಕಿ ತೊಳೆದೇ ಸಸಿ ಮುಟ್ಟಬೇಕು.

ಮಣ್ಣು ಶುದ್ಧವಾಯಿತೇ ಎಂದು ನೋಡುವುದು

ಪಿಸಿಆರ್ ಅಥವಾ ಸ್ಟ್ರಿಪ್ ಪರೀಕ್ಷೆಯನ್ನು ನೇರವಾಗಿ ಮಣ್ಣಿಗೆ, ಗೊಬ್ಬರಕ್ಕೆ ಮಾಡಿಸಿದರೆ ಉತ್ತರ ದಾರಿ ತಪ್ಪಿಸಬಹುದು. ಸ್ಟ್ರಿಪ್ ನೋಡುವುದು ಕವಚದ ಪ್ರೋಟೀನನ್ನು, ಪಿಸಿಆರ್ ನೋಡುವುದು ಆರ್‌ಎನ್‌ಎ ತುಣುಕನ್ನು. ಸತ್ತ ವೈರಸ್ಸಿನಲ್ಲೂ ಇವೆರಡು ಇರುತ್ತವೆ. ಸೋಂಕು ಹಚ್ಚುವ ಶಕ್ತಿ ಉಳಿದಿದೆಯೇ ಎಂದು ಹೇಳಬಲ್ಲದ್ದು ಗಿಡ ಮಾತ್ರ.

ತೋಟದ 15 ಕಡೆ, ಹಳೆಯ ಗಿಡದ ಬುಡವಿದ್ದ ಜಾಗದಲ್ಲೇ, ಒಂದು ಅಡಿ ಆಳದವರೆಗೆ ಮಣ್ಣು ತೆಗೆಯಿರಿ. ಬೇರಿನ ಚೂರು ಬಂದರೆ ಬಿಸಾಡಬೇಡಿ, ಅದೇ ಮುಖ್ಯ. ಬೆರೆಸಿ 50 ಕಪ್ಪುಗಳಿಗೆ ತುಂಬಿ. ಮೊಸಾಯಿಕ್ ನಿರೋಧಕ ಎಂದು ಬರೆದಿರದ ತಳಿಯ, ಹೊಸ ಕೋಕೋಪೀಟಿನಲ್ಲಿ ಬೆಳೆದ ಮೂರು ವಾರದ ಸಸಿಗಳ ಬೇರಿನ ತುದಿಯನ್ನು ಸ್ವಲ್ಪ ಕತ್ತರಿಸಿ ನೆಡಿ. ಅದೇ ಸಸಿಗಳಲ್ಲಿ 10ನ್ನು ಹೊಸ ಕೋಕೋಪೀಟಿನಲ್ಲೂ ನೆಟ್ಟು ದೂರ ಇಡಿ. ಇವುಗಳಲ್ಲಿ ರೋಗ ಕಂಡರೆ ತಪ್ಪು ಬೀಜದ್ದು, ಮಣ್ಣಿನದ್ದಲ್ಲ. ಆರು ವಾರ ಬೆಳೆಸಿ, ಎಲೆಯನ್ನೂ ಬೇರನ್ನೂ ಪ್ರತ್ಯೇಕವಾಗಿ ಸ್ಟ್ರಿಪ್ಪಿನಲ್ಲಿ ನೋಡಿ. ಬೇರನ್ನು ಅರೆಯುವ ಮುಂಚೆ ಹರಿಯುವ ನೀರಿನಲ್ಲಿ ಮಣ್ಣು ಪೂರ್ತಿ ಹೋಗುವಂತೆ ತೊಳೆಯದಿದ್ದರೆ ಹೊರಗಿನ ಹಳೆ ಕಣವೇ ಗೆರೆ ತೋರಿಸುತ್ತದೆ.

50 ಕಪ್ಪು ಏಕೆ ಎಂದರೆ: ನೂರಕ್ಕೆ ಐದು ಸಸಿಗೆ ಮಾತ್ರ ತಗಲುವಂಥ ಮಣ್ಣಿನಲ್ಲಿ 10 ಸಸಿ ಇಟ್ಟರೆ ಒಂದರಲ್ಲೂ ರೋಗ ಕಾಣದೇ ಹೋಗುವ ಸಾಧ್ಯತೆ ಶೇ 60. 50 ಇಟ್ಟರೆ ಅದು ಶೇ 8ಕ್ಕಿಂತ ಕೆಳಗೆ ಬರುತ್ತದೆ.

ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗ ವಿಭಾಗದಲ್ಲಿ ನಿಕೋಟಿಯಾನ ಗ್ಲುಟಿನೋಸ ಎಂಬ ಕಾಡು ಹೊಗೆಸೊಪ್ಪಿನ ಗಿಡವಿದ್ದರೆ ಕೆಲಸ ಇನ್ನೂ ಬೇಗ ಆಗುತ್ತದೆ. ಬೇರಿನ ರಸವನ್ನು ಕಾರ್ಬೊರಂಡಮ್ ಎಂಬ ಒರಟು ಪುಡಿಯೊಂದಿಗೆ ಎಲೆಯ ಮೇಲೆ ಮೆಲ್ಲಗೆ ಉಜ್ಜಿದರೆ, ಜೀವಂತ ವೈರಸ್ ಇದ್ದಲ್ಲಿ ಎರಡು ಮೂರು ದಿನದಲ್ಲಿ ಕಂದು ಚುಕ್ಕೆ ಏಳುತ್ತವೆ. 28 ಡಿಗ್ರಿ ಮೀರಿದ ಕೋಣೆಯಲ್ಲಿ ಈ ಚುಕ್ಕೆ ಮೂಡುವುದಿಲ್ಲ, ಗಿಡದ ಆ ಪ್ರತಿಕ್ರಿಯೆಯೇ ಶಾಖಕ್ಕೆ ಕೆಡುತ್ತದೆ. ನಮ್ಮ ಬೇಸಿಗೆಯಲ್ಲಿ ‘ವೈರಸ್ ಇಲ್ಲ’ ಎಂದು ವರದಿ ಬಂದರೆ ಕೋಣೆಯ ಶಾಖ ಎಷ್ಟಿತ್ತು ಎಂದು ಕೇಳಿ.

ಐವತ್ತರಲ್ಲಿ ಒಂದು ಸಸಿ ಬೇರಿನಲ್ಲಿ ಗೆರೆ ತೋರಿಸಿದರೂ ಆ ಮಡಿಗೆ ಇನ್ನೊಂದು ಬೆಳೆ ರಾಗಿ ಅಥವಾ ಜೋಳ ಹಾಕಿ, ಅದರ ಕೊಯ್ಲಾದ ಮೇಲೆ ಮತ್ತೆ ಪರೀಕ್ಷಿಸಿ. ಟೊಮೆಟೊ ಹಾಕಲೇಬೇಕು ಎಂದಿದ್ದರೆ ಮೊಸಾಯಿಕ್ ನಿರೋಧಕ ತಳಿ ಆರಿಸಿ, ಬೇರು ಅಲುಗದಂತೆ ಪ್ರೋಟ್ರೇಯ ಮುದ್ದೆಯ ಸಮೇತ ನೆಡಿ, ಮೊದಲ ಆರು ವಾರ ಕುಡಿ ಚಿವುಟುವ ಮುಂಚೆ ಪ್ರತಿ ಸಲವೂ ಸಾಲು ನೋಡಿಕೊಂಡು ಬನ್ನಿ. ಅನುಮಾನದ ಗಿಡ ಕಂಡರೆ ಅದನ್ನೂ ಅದರ ಎಡಬಲದ ಎರಡೆರಡು ಗಿಡಗಳನ್ನೂ ಚೀಲದೊಳಗೆ ಹಾಕಿ ಕಟ್ಟಿ ಹೊರಗೆ ಸಾಗಿಸಿ, ಕೈ ತೊಳೆದು ಆಮೇಲೆ ಉಳಿದ ಸಾಲಿಗೆ ಹೋಗಿ.